ಎಪ್ಪತ್ತರ ಡಿಸ್ಕೊ ಸದ್ದು ಬೇಕಾ? ಟೇಪ್ ಪ್ಲಗಿನ್ ಬಿಡಿ, ಹೈ-ಹ್ಯಾಟ್ ನೋಡಿ

ನಮ್ಮ ಕಡೆ ಡಿಸ್ಕೊ ಅಂದ ತಕ್ಷಣ ಕಿವಿಗೆ ಬರುವುದು ಎಂಬತ್ತರ ದಶಕದ ಸಿನಿಮಾ ಹಾಡು. ಡ್ರಮ್ ಮೆಷಿನ್ನು, ಸಿಂತಸೈಜರ್ರು, ಮೇಲೊಂದಿಷ್ಟು ಎಕೋ. ಅದೂ ಚೆನ್ನಾಗೇ ಇದೆ, ಬೇಡ ಅಂತಿಲ್ಲ. ಆದರೆ 1973-74ರಿಂದ 1979ರವರೆಗೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯಿಂದ ಬಂದ ಡಿಸ್ಕೊ ಬೇರೆಯದೇ ಜಾತಿ. ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಎಂಎಫ್‌ಎಸ್‌ಬಿ ತಂಡದಲ್ಲೇ ಮೂವತ್ತಕ್ಕೂ ಹೆಚ್ಚು ವಾದಕರಿದ್ದರು. ಪಿಟೀಲು, ಹಾರ್ನ್, ಕೊಂಗಾ, ವೈಬ್ರಫೋನ್ ಎಲ್ಲವೂ ಮನುಷ್ಯರ ಕೈಯಲ್ಲಿ. ಅದನ್ನು ಒಂದು ಲ್ಯಾಪ್‌ಟಾಪಿನಲ್ಲಿ ತರಬೇಕು ಅಂದ್ರೆ ಎಲ್ಲಿ ಮೋಸ ಮಾಡಬಹುದು, ಎಲ್ಲಿ ಮಾಡಬಾರದು ಅನ್ನುವುದೇ ಪ್ರಶ್ನೆ.

ನಾನು ಮಾಡಲು ಹೊರಟದ್ದು ಹಾಡುವವರಿಲ್ಲದ, ಬರೀ ವಾದ್ಯಗಳ ಟ್ರ್ಯಾಕ್. ಮನೆಯ ರೂಮು, ಒಂದು ಆಡಿಯೊ ಇಂಟರ್‌ಫೇಸ್ (ಮೈಕು, ಗಿಟಾರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಎರಡು ಮೈಕು, ಸ್ನೇಹಿತರಿಂದ ತಂದ ಬೇಸ್ ಗಿಟಾರ್. ಒಂದೊಂದು ವಾದ್ಯಕ್ಕೂ ಇರುವ ದಾರಿಗಳನ್ನು ಅದೇ ಟ್ರ್ಯಾಕಿನಲ್ಲೇ ಹಾಕಿ, ಪಕ್ಕಪಕ್ಕ ಇಟ್ಟು ಕೇಳಿದೆ.

ಮೊದಲು ಊರು ಆರಿಸಿಕೊಳ್ಳಿ. ಫಿಲಡೆಲ್ಫಿಯಾನಾ, ಮ್ಯೂನಿಕ್ಕಾ? ಮ್ಯೂನಿಕ್ ಅಂದ್ರೆ ಜಾರ್ಜಿಯೊ ಮೊರೊಡರ್. 1977ರಲ್ಲಿ ಡೊನಾ ಸಮ್ಮರ್ ಹಾಡಿದ 'ಐ ಫೀಲ್ ಲವ್' ಹೆಚ್ಚುಕಮ್ಮಿ ಪೂರ್ತಿ ಮೂಗ್ ಸಿಂತಸೈಜರ್‌ನಲ್ಲೇ ಕಟ್ಟಿದ್ದು. ಈ ದಾರಿಯಲ್ಲಿ ನನ್ನ ಟ್ರ್ಯಾಕಿನ ಅಸ್ಥಿಪಂಜರ ಒಂದೇ ಸಂಜೆಯಲ್ಲಿ ನಿಂತಿತು. ಹದಿನಾರನೇ ನೋಟುಗಳ (ಒಂದು ಎಣಿಕೆಗೆ ನಾಲ್ಕು ನೋಟು) ಬೇಸ್ ಸಾಲು, ಅದಕ್ಕೊಂದು ಡಿಲೇ, ಮೂಲ ನೋಟು ಎಡಕ್ಕೆ, ಅದರ ಮರುದನಿ ಬಲಕ್ಕೆ. ಬೇರೇನೂ ಬೇಡ, ಓಡುತ್ತದೆ. ತಮಾಷೆ ಏನಂದ್ರೆ ಆ ಯಂತ್ರಗಳ ರೆಕಾರ್ಡಿನಲ್ಲೂ ಕಿಕ್ ಡ್ರಮ್ ಮಾತ್ರ ಕೀತ್ ಫೋರ್ಸಿ ಎಂಬ ಡ್ರಮ್ಮರ್ ಕಾಲಲ್ಲಿ ನುಡಿಸಿದ್ದು. ಮೂಗ್‌ನಿಂದ ಬೇಕಾದ ಏಟು ಬರಲಿಲ್ಲವಂತೆ. ನುಡಿಸುವವರು ಯಾರೂ ಸಿಗದಿದ್ದರೆ ಈ ದಾರಿ ಹಿಡಿಯಿರಿ, ಕಾಲಕ್ಕೆ ನಿಷ್ಠವಾಗಿಯೇ ಇರುತ್ತದೆ. ನನಗೆ ಬೇಕಿದ್ದದ್ದು ಪಿಟೀಲಿನ ಡಿಸ್ಕೊ, ಹಾಗಾಗಿ ಫಿಲಡೆಲ್ಫಿಯಾ ಹತ್ತಿದೆ. ಅಲ್ಲಿಂದಲೇ ಖರ್ಚು ಶುರು.

ಡ್ರಮ್ಸ್‌ಗೆ ಮೂರು ದಾರಿ ನೋಡಿದೆ. ಡ್ರಮ್ ಮೆಷಿನ್ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಬಿಡಿ ಸದ್ದು), ದುಡ್ಡು ಕೊಟ್ಟು ತರುವ ಲೂಪ್ ಪ್ಯಾಕ್ (ಮತ್ತೆ ಮತ್ತೆ ಸುತ್ತುವ ರೆಡಿ ತುಣುಕುಗಳು), ನಿಜವಾದ ಡ್ರಮ್ಮರ್.

ಡ್ರಮ್ ಮೆಷಿನ್ ಮೊದಲೇ ಔಟ್. ಅಸಲಿ ಡ್ರಮ್ ಸದ್ದನ್ನು ಸ್ಯಾಂಪಲ್ ಮಾಡಿಟ್ಟ ಲಿನ್ ಎಲ್‌ಎಂ-1 ಬಂದದ್ದೇ 1980ರಲ್ಲಿ. ರೋಲ್ಯಾಂಡ್ ಕಂಪನಿಯ 808 ಡ್ರಮ್ ಮೆಷಿನ್ ಕೂಡ ಅದೇ ವರ್ಷ, ಅದೇ ಕಂಪನಿಯ 909 ಬಂದದ್ದು 1983ರಲ್ಲಿ. ಅದಕ್ಕೂ ಮೊದಲು ಸಣ್ಣ ರಿದಮ್ ಬಾಕ್ಸುಗಳಿದ್ದವು ನಿಜ, ಮಯಾಮಿ ಕಡೆಯವರು ಬಳಸಿದ್ದೂ ಉಂಟು. ಆದರೆ 909 ಕಿಕ್ ಹಾಕಿ ಎಪ್ಪತ್ತರ ದಶಕ ಅಂದರೆ ಕಿವಿ ಒಪ್ಪುವುದಿಲ್ಲ.

ಲೂಪ್ ಪ್ಯಾಕಿನ ಸದ್ದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತೊಂದರೆ ಎಲ್ಲಿ ಅಂದ್ರೆ ಹೈ-ಹ್ಯಾಟ್‌ನಲ್ಲಿ. ಡಿಸ್ಕೊದ ಜೀವ ಕಿಕ್‌ನಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ. ಕಿಕ್ ಏನು, ಒಂದು ಬಾರ್‌ಗೆ, ಅಂದ್ರೆ ನಾಲ್ಕು ಎಣಿಕೆಯ ಒಂದು ಸುತ್ತಿಗೆ, ನಾಲ್ಕು ಸಲ ಧಬ್ ಅನ್ನುತ್ತದೆ, ಅಷ್ಟೇ. ಕುಣಿಸುವುದು ಎರಡು ಕಿಕ್ ನಡುವೆ ಬಾಯಿ ತೆರೆಯುವ ಹೈ-ಹ್ಯಾಟ್. ಎಂಎಫ್‌ಎಸ್‌ಬಿ ಡ್ರಮ್ಮರ್ ಅರ್ಲ್ ಯಂಗ್ 1973ರಲ್ಲಿ 'ದಿ ಲವ್ ಐ ಲಾಸ್ಟ್' ಹಾಡಿಗೆ ನುಡಿಸಿದ್ದನ್ನು ಕೇಳಿ, ಆಮೇಲೆ ಬಂದ ಡಿಸ್ಕೊ ಎಲ್ಲ ಅಲ್ಲಿಂದಲೇ ಹೊರಟ ಹಾಗಿದೆ. ಕಾಲು ಎತ್ತಿದರೆ ಎರಡು ತಟ್ಟೆ ಬೇರೆಯಾಗುತ್ತವೆ, ಆ ಕ್ಷಣಕ್ಕೆ ಕೋಲು ಬೀಳುತ್ತದೆ. ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅನ್ನುತ್ತದೆ. ಮುಂದಿನ ಕಿಕ್‌ಗೆ ಕಾಲು ಇಟ್ಟ ಕೂಡಲೇ ಬಾಯಿ ಮುಚ್ಚುತ್ತದೆ. ಆ ಚುಂಯ್ ಎಷ್ಟು ಉದ್ದ ಅನ್ನುವುದು ಕಾಲಿನ ಲೆಕ್ಕ. ಮನುಷ್ಯನ ಕಾಲು ಪ್ರತಿ ಸಲ ಒಂದು ಕೂದಲೆಳೆ ಹಿಂದುಮುಂದು. ಲೂಪಿನಲ್ಲಿ ನಾಲ್ಕು ಬಾರ್ ಆದ ಮೇಲೆ ಅದೇ ಹಿಂದುಮುಂದು ಮತ್ತೆ ಬರುತ್ತದೆ. ಮೂರನೇ ಸುತ್ತಿಗೆ ಕಿವಿ ಪತ್ತೆ ಹಚ್ಚಿಬಿಡುತ್ತದೆ.

ಡ್ರಮ್ಮರ್ ಕರೆಸಿದೆ. ಪೂರ್ತಿ ಕಿಟ್‌ಗೆ ಮೈಕ್ ಇಡಲು ನನ್ನ ಹತ್ತಿರ ಜಾಗವೂ ಇಲ್ಲ, ಮೈಕೂ ಇಲ್ಲ. ಅದಕ್ಕೆ ಎರಡು ಥರ ಮಾಡಿದೆವು. ಒಂದು, ಸಣ್ಣ ಸ್ಟುಡಿಯೊದಲ್ಲಿ ಪೂರ್ತಿ ಕಿಟ್. ಸ್ನೇರ್ (ಕೋಲಿನಿಂದ ಹೊಡೆಯುವ ಚಪ್ಪಟೆ ಡ್ರಮ್) ಮೇಲೆ ಬಟ್ಟೆ, ಕಿಕ್ ಒಳಗೆ ದಿಂಬು, ಸದ್ದು ಎದ್ದ ಕೂಡಲೇ ಸಾಯಬೇಕು. ಎರಡು, ಮನೆಯಲ್ಲೇ ಹೈ-ಹ್ಯಾಟ್ ಮಾತ್ರ ನಿಜ, ಕಿಕ್ ಮತ್ತು ಸ್ನೇರ್ ಸ್ಯಾಂಪಲ್. ಪೂರ್ತಿ ಕಿಟ್ ಗೆದ್ದಿತು, ಆದರೆ ಅಂತರ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಖರ್ಚು ನೋಡಿದರೆ ನನ್ನ ಓಟು ಎರಡನೆಯದಕ್ಕೆ. ಸ್ಟುಡಿಯೊ ಬಾಡಿಗೆ ಉಳಿಯುತ್ತದೆ, ಕುಣಿತ ಉಳಿಯುತ್ತದೆ.

ಹಾಗಂತ ಲೂಪ್ ಅನ್ನುವುದೇ ಪಾಪ ಅಂತಲ್ಲ. 'ಸ್ಟೇಯಿನ್ ಅಲೈವ್' ಮಾಡುವಾಗ ಬೀ ಜೀಸ್ ತಂಡದ ಡ್ರಮ್ಮರ್ ಸ್ಟುಡಿಯೊದಲ್ಲಿರಲಿಲ್ಲ. ತಾವೇ ರೆಕಾರ್ಡ್ ಮಾಡಿಟ್ಟಿದ್ದ ಇನ್ನೊಂದು ಹಾಡಿನ ಡ್ರಮ್ಸ್‌ನಿಂದ ಎರಡು ಬಾರ್ ತೆಗೆದು, ಟೇಪ್ ಅಂಟಿಸಿ ಸುತ್ತ ತಿರುಗಿಸಿದರು. ಅಂದ್ರೆ ಲೂಪ್ ಕೂಡ ಎಪ್ಪತ್ತರದ್ದೇ. ಆದರೆ ಅವರು ಕತ್ತರಿಸಿದ್ದು ತಮ್ಮದೇ ಡ್ರಮ್ಮರ್‌ನ ಕೈ, ಅಂಗಡಿಯಿಂದ ತಂದದ್ದಲ್ಲ.

ಬೇಸ್ ಮತ್ತು ಗಿಟಾರ್ ವಿಷಯ ಬೇಗ ಮುಗಿಸುತ್ತೇನೆ. ಸಿಂತ್ ಬೇಸ್ ಹಾಕಿದರೆ ಮತ್ತೆ ಮ್ಯೂನಿಕ್‌ಗೆ ಬಸ್ ಹತ್ತಿದ ಹಾಗೆ. ಸ್ಯಾಂಪಲ್ ಬೇಸ್ ಪರವಾಗಿಲ್ಲ, ಆದರೆ ಆಕ್ಟೇವ್ ಹಾರುವಾಗ ಬೆರಳು ತಂತಿ ಬಿಡುವ ಸಣ್ಣ ಟಕ್ ಇರುವುದಿಲ್ಲ. ನಿಜವಾದ ಬೇಸ್‌ಗೆ ಫ್ಲ್ಯಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ ಕಟ್ಟಿ, ಬ್ರಿಡ್ಜ್ ಹತ್ತಿರ ಸ್ಪಂಜಿನ ತುಂಡು ತುರುಕಿದೆ. ನೋಟು ಗುಂಡಾಗಿ ಬಂದು ಬೇಗ ನಿಲ್ಲುತ್ತದೆ. ಗಿಟಾರ್‌ಗೆ ಆಂಪ್ಲಿಫೈಯರ್ ಪ್ಲಗಿನ್ನುಗಳನ್ನೆಲ್ಲ ಹಾಕಿ ನೋಡಿ, ಕೊನೆಗೆ ಏನೂ ಇಲ್ಲದೆ ನೇರ ಇಂಟರ್‌ಫೇಸಿಗೆ ಚುಚ್ಚಿದ್ದೇ ಸರಿ ಅನ್ನಿಸಿತು. ಶಿಕ್ ತಂಡದ ನೈಲ್ ರಾಜರ್ಸ್ ಕೂಡ ತನ್ನ ಸ್ಟ್ರ್ಯಾಟೊಕ್ಯಾಸ್ಟರನ್ನು ನೇರ ಮಿಕ್ಸರಿಗೇ ಕೊಡುತ್ತಿದ್ದದ್ದು. ಎಡಗೈ ತಂತಿ ಒತ್ತುವುದಕ್ಕಿಂತ ಜಾಸ್ತಿ ಬಿಡಬೇಕು, ಗುಟ್ಟು ಅಷ್ಟೇ.

ಇನ್ನು ಪಿಟೀಲು. ಇಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದು, ಜಾಸ್ತಿ ಕಲಿತದ್ದು.

ದುಬಾರಿ ಆರ್ಕೆಸ್ಟ್ರಾ ಲೈಬ್ರರಿಗಳು, ಅಂದ್ರೆ ಪಿಟೀಲು ತಂಡದ ಸ್ಯಾಂಪಲ್‌ಗಳ ಕಟ್ಟು, ಸಿನಿಮಾಗೆ ಮಾಡಿದವು. ದೊಡ್ಡ ಹಾಲ್, ನಿಧಾನಕ್ಕೆ ಏಳುವ ನೋಟು, ಕಣ್ಣೀರು. ಡಿಸ್ಕೊ ಪಿಟೀಲು ಕಣ್ಣೀರಿಗಲ್ಲ, ಓಡುವುದಕ್ಕೆ. ಹದಿನಾರನೇ ನೋಟುಗಳ ಓಟದಲ್ಲಿ ಲೈಬ್ರರಿಯ ಲೆಗಾಟೊ (ನೋಟು ನೋಟಿಗೆ ಬೆಸೆದ) ಸದ್ದು ಯಾವಾಗಲೂ ಹಿಂದೆ ಬೀಳುತ್ತದೆ. ಸ್ಪಿಕಾಟೊ, ಅಂದ್ರೆ ಕಮಾನು ಪುಟಿಸಿದ ಚಿಕ್ಕ ನೋಟುಗಳನ್ನು ಮೇಲೆ ಸೇರಿಸಿದಾಗ ಸ್ವಲ್ಪ ದಾರಿಗೆ ಬಂತು. 1974ರ ಎಆರ್‌ಪಿ ಸೊಲೀನಾ ಸ್ಟ್ರಿಂಗ್ ಮೆಷಿನ್‌ನ ಪ್ಲಗಿನ್ ಕೂಡ ಹಾಕಿ ನೋಡಿದೆ. ಅದು ಪಿಟೀಲಿನ ಹಾಗೆ ಕೇಳುವುದೇ ಇಲ್ಲ, ಆದರೆ ಕಾಲ ಮಾತ್ರ ಪಕ್ಕಾ. ಹಿಂದೆ ತೆಳ್ಳಗೆ ಹರಡಲು ಇಟ್ಟುಕೊಂಡೆ.

ಆಮೇಲೆ ಇಬ್ಬರು ಪಿಟೀಲು ವಾದಕರು. ಒಬ್ಬರು ಸಿನಿಮಾ ರೆಕಾರ್ಡಿಂಗಿಗೆ ನುಡಿಸುವವರು. ವೆಸ್ಟರ್ನ್ ನೊಟೇಶನ್ ಮುಂದಿಟ್ಟರೆ ಓದಿ ಬಾರಿಸುತ್ತಾರೆ. ಇನ್ನೊಬ್ಬರು ಕರ್ನಾಟಕ ಸಂಗೀತದವರು. ಚಕ್ಕಳಮಕ್ಕಳ ಹಾಕಿ ಕೂತು, ಸ-ಪ-ಸ-ಪ ಶ್ರುತಿಯಲ್ಲಿ, ಒಂದು ಸಲ ಕೇಳಿದ್ದನ್ನು ಹಾಗೇ ಹಿಡಿದುಬಿಟ್ಟರು. ಓಟದ ಸಾಲಿನಲ್ಲಿ ಮೊದಲನೆಯವರೇ ಗೆದ್ದರು. ಒಂದೊಂದು ನೋಟೂ ಕತ್ತರಿಸಿಟ್ಟ ಹಾಗೆ. ಎರಡನೆಯವರದ್ದು ಕೇಳಲು ಸೊಗಸು, ಆದರೆ ನೋಟು ನೋಟಿನ ನಡುವೆ ಗಮಕ ತಾನಾಗೇ ಬಂದುಬಿಡುತ್ತಿತ್ತು, ಡಿಸ್ಕೊ ಹೋಗಿ ಕಛೇರಿ ಆಗುತ್ತಿತ್ತು. "ಸರ್, ಇಲ್ಲಿ ಜಾರಿಸ್ಬೇಕಾ, ಬೇಡ್ವಾ?" ಅಂತ ಅವರೇ ಕೇಳಿದರು. ಆ ಪ್ರಶ್ನೆಯಿಂದಲೇ ದಾರಿ ಸಿಕ್ಕಿತು. ಡಿಸ್ಕೊ ಪಿಟೀಲು ಸಾಲಿನ ತುದಿಯಲ್ಲಿ ಕೆಳಕ್ಕೆ ಜಾರುತ್ತದೆ, ಬ್ರೇಕಿಗೆ (ಹೆಚ್ಚಿನ ವಾದ್ಯ ನಿಂತು ತಾಳ ಉಳಿಯುವ ಭಾಗ) ಮುಂಚೆ ಒಂದು ಆಕ್ಟೇವ್ ಮೇಲಕ್ಕೆ ಏರುತ್ತದೆ. ಸಿನಿಮಾದವರ ಜಾರು ಅಳತೆ ಮಾಡಿದ ಹಾಗಿತ್ತು. ಇವರದ್ದು ಒಂದೇ ಎಳೆತಕ್ಕೆ ಬಂತು, ರೂಮಿನಲ್ಲಿದ್ದವರೆಲ್ಲ ತಲೆ ಎತ್ತಿದರು. ಓಟ ಒಬ್ಬರದ್ದು, ಜಾರು ಇನ್ನೊಬ್ಬರದ್ದು ಅಂತ ಹಂಚಿದೆ. ಪ್ರತಿ ಟೇಕಿಗೂ ಕುರ್ಚಿ ಸರಿಸಿ, ಮೈಕ್ ದೂರ ಬದಲಿಸಿ ಪದರದ ಮೇಲೆ ಪದರ ಹಾಕಿದೆ. ಅಡಿಯಲ್ಲಿ ಲೈಬ್ರರಿ ಸಣ್ಣಗೆ. ಇಬ್ಬರು ಹತ್ತು ಜನ ಆಗಿಬಿಡುತ್ತಾರೆ.

ಪಿಟೀಲು ಡಿಸ್ಕೊದಲ್ಲಿ ಬೆಂಗಳೂರಿನ ಹುಡುಗನೊಬ್ಬನ ಪಾಲೂ ಇದೆ, ಗೊತ್ತಾ? ಇಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಲಂಡನ್‌ಗೆ ಹೋಗಿ, 1974ರಲ್ಲಿ 'ಕುಂಗ್ ಫು ಫೈಟಿಂಗ್' ಮಾಡಿ ಗೆದ್ದ ಮೇಲೆ, ಬಿದ್ದು ಆರ್ಕೆಸ್ಟ್ರಾ ಹೆಸರಲ್ಲಿ ವಾದ್ಯಗಳ ಡಿಸ್ಕೊ ರೆಕಾರ್ಡುಗಳನ್ನೇ ತಂದರು. ಪಿಟೀಲು ಎಲ್ಲಿ ಸುಮ್ನಿರಬೇಕು ಅನ್ನುವುದಕ್ಕೆ ಆ ರೆಕಾರ್ಡುಗಳನ್ನು ಕೇಳಿ.

ಟೇಪ್ ಪ್ಲಗಿನ್, ಅಂದ್ರೆ ಸದ್ದಿಗೆ ಹಳೇ ಟೇಪಿನ ಬಣ್ಣ ಬಳಿಯುವ ಸಾಫ್ಟ್‌ವೇರ್, ಅದರ ಬಗ್ಗೆ ನನಗೆ ಜಗಳವೇ ಇದೆ. ಹಳೇದು ಅನ್ನಿಸಬೇಕು ಅಂತ ಎಲ್ಲರೂ ಮೊದಲು ಹಾಕುವುದು ಅದನ್ನೇ, ಜೊತೆಗೆ ರೆಕಾರ್ಡ್ ಕರಕರ. ಎಪ್ಪತ್ತರ ಕೊನೆಯ ಹೊತ್ತಿಗೆ ದೊಡ್ಡ ಸ್ಟುಡಿಯೊಗಳಲ್ಲಿ ಎರಡಿಂಚು ಅಗಲದ, 24 ಟ್ರ್ಯಾಕಿನ ಟೇಪ್ ಓಡುತ್ತಿತ್ತು. ಆ ಕಾಲಕ್ಕೆ ಬಹಳ ಶುಭ್ರ ಸದ್ದು ಅದು. ಕರಕರ ಇರುವುದು ನಮ್ಮ ಮನೆಯ ಗೀರು ಬಿದ್ದ ಪ್ಲೇಟಿನಲ್ಲಿ, ಅವರ ಸ್ಟುಡಿಯೊದಲ್ಲಲ್ಲ. ಹಳೇ ಕ್ಯಾಸೆಟ್ ಡೆಕ್‌ಗೆ ಹಾಕಿ ವಾಪಸ್ ತೆಗೆದೂ ನೋಡಿದೆ, ಇಲೆಕ್ಟ್ರಿಕ್ ಪಿಯಾನೊ ನೀರಲ್ಲಿ ಅಲ್ಲಾಡಿದ ಹಾಗಾಯಿತು. ಕೊನೆಗೆ ಡ್ರಮ್ಸ್ ಮೇಲೆ ಮಾತ್ರ ಟೇಪ್ ಪ್ಲಗಿನ್, ಅದೂ ಇದೆಯೋ ಇಲ್ಲವೋ ಅನ್ನುವಷ್ಟು. ಪಿಟೀಲಿಗೆ ಪ್ಲೇಟ್ ರಿವರ್ಬ್ (ಲೋಹದ ತಗಡಿನ ಮಾರ್ದನಿ), ಡ್ರಮ್ಸ್ ಒಣ, ಬೇಸ್ ಪೂರ್ತಿ ಮಧ್ಯದಲ್ಲಿ. ಬೇಸ್ ಒಂದು ಪಕ್ಕಕ್ಕೆ ವಾಲಿದರೆ ವಿನೈಲ್ ಪ್ಲೇಟಿನ ಸುರುಳಿ ಗೆರೆಯಿಂದ ಸೂಜಿ ಹಾರುವ ಅಪಾಯವಿತ್ತು, ಹಾಗಾಗಿ ಅವರೂ ಮಧ್ಯದಲ್ಲೇ ಇಡುತ್ತಿದ್ದರು.

ಕ್ಲಿಕ್ (ವೇಗ ತಪ್ಪದಂತೆ ಕಿವಿಗೆ ಕೊಡುವ ಟಿಕ್ ಟಿಕ್ ಎಣಿಕೆ) ಹಾಕಬೇಕಾ ಬೇಡವಾ ಅನ್ನುವುದರಲ್ಲಿ ನಾನು ನಡುದಾರಿ ಹಿಡಿದೆ. ಕ್ಲಿಕ್ ಇಲ್ಲದೆ ನುಡಿಸಿದ್ದೇ ಹೆಚ್ಚು ಜೀವಂತ, ಅದರಲ್ಲಿ ಅನುಮಾನ ಇಲ್ಲ. ಆದರೆ ಆಮೇಲೆ ಪಿಟೀಲು ಪದರ ಹಾಕುವಾಗ ತಲೆನೋವು. ನಿಮಿಷಕ್ಕೆ 116 ಎಣಿಕೆಯಲ್ಲಿ ಶುರು ಮಾಡಿ, ಬ್ರೇಕ್ ಮುಗಿದ ಮೇಲೆ 118ಕ್ಕೆ ಏರುವ ಹಾಗೆ ಕ್ಲಿಕ್ಕನ್ನೇ ಬರೆದಿಟ್ಟೆ. ಕೇಳುವವರಿಗೆ ವೇಗ ಹೆಚ್ಚಿದ್ದು ಗೊತ್ತಾಗುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ಉಳಿದ ಸಣ್ಣಪುಟ್ಟ ವಾದ್ಯಗಳಿಗೆ ದುಡ್ಡು ಸುರಿಯಬೇಡಿ. ವೈಬ್ರಫೋನ್‌ಗೆ ಸ್ಯಾಂಪಲ್ ಸಾಕು, ಒಂದು ಏಟು ಬಿದ್ದು ಮೊಳಗುವ ವಾದ್ಯ ಅದು, ಕಂಪ್ಯೂಟರ್ ಸಲೀಸಾಗಿ ನಿಭಾಯಿಸುತ್ತದೆ. ಟ್ಯಾಂಬೊರಿನ್ ಮಾತ್ರ ಕೊಂಡುಕೊಂಡು ನೀವೇ ಅಲ್ಲಾಡಿಸಿ. ಕೊಳಲಿಗೆ ನಮ್ಮ ಬಿದಿರಿನದ್ದು ಹಾಕಿ ನೋಡಿದೆ, ಮೊದಲ ಉಸಿರಿಗೇ ಟ್ರ್ಯಾಕ್ ಫಿಲಡೆಲ್ಫಿಯಾ ಬಿಟ್ಟು ಬೃಂದಾವನಕ್ಕೆ ಹೋಯಿತು. ವೆಸ್ಟರ್ನ್ ಫ್ಲೂಟಿನ ಸ್ಯಾಂಪಲನ್ನೇ ಇಟ್ಟುಕೊಂಡಿದ್ದೇನೆ, ಸದ್ಯಕ್ಕೆ.