ಟೇಬಲ್ ಕರ್ಲಿಂಗ್ ಸೆಟ್: ಮ್ಯಾಟಿಗೆ ಒಂದು ಸ್ಟಾರ್, ಕಲ್ಲಿಗೆ ನಾಲ್ಕು, ನಮ್ಮನೆ ಜಗುಲಿಗೆ ಐದು

ಮೊದ್ಲೇ ಹೇಳ್ಬಿಡ್ತೀನಿ, ಈ ಸೆಟ್ಟಿನ ಜೊತೆ ಬರೋ ಮ್ಯಾಟ್ ಶುದ್ಧ ದಂಡ. ಕರ್ಲಿಂಗ್ ಅಂದ್ರೆ ಐಸ್ ಮೇಲೆ ಹಿಡಿಕೆ ಇರೋ ಕಲ್ಲನ್ನ ತಳ್ಳಿ ಆ ತುದೀಲಿರೋ ವೃತ್ತದ ನಡುವೆ ನಿಲ್ಲಿಸೋ ಆಟ, ಅದನ್ನೇ ಮನೇಲಿ ಮ್ಯಾಟ್ ಹಾಸಿ ಆಡೋಕೆ ಮಾಡಿದ ಪುಟ್ಟ ಸೆಟ್ ಇದು. ಎಷ್ಟು ಕಲ್ಲು, ಎಷ್ಟು ಉದ್ದ, ಯಾವ ಬಣ್ಣ ಎಲ್ಲಾ ಪ್ರಾಡಕ್ಟ್ ಪೇಜಲ್ಲೇ ಇದೆ, ನೋಡಿರ್ತೀರಿ, ನಾನು ಮತ್ತೆ ಹೇಳಲ್ಲ. ಅಲ್ಲಿ ಹೇಳದೇ ಇರೋದು ಏನಂದ್ರೆ ಸುರುಳಿ ಸುತ್ತಿ ಡಬ್ಬಕ್ಕೆ ತುಂಬಿದ ಆ ಮ್ಯಾಟು ಜನ್ಮದಲ್ಲಿ ಮತ್ತೆ ಚಪ್ಪಟೆ ಆಗಲ್ಲ. ಬಿಚ್ಚಿ ಹಾಸಿ, ನಾಲ್ಕು ಮೂಲೆಗೆ ಪಂಚಾಂಗ, ಹಳೇ ಡೈರಿ, ಸೇರು, ದೊಡ್ಡಪ್ಪನ ಕವಳದ ತಟ್ಟೆ ಹೇರಿದ್ರೂ ನಡುಮಧ್ಯ ಉಬ್ಕೊಂಡೇ ಇರುತ್ತೆ, ಕಲ್ಲು ಆ ಉಬ್ಬಿನವರೆಗೆ ಚೆಂದ ಹೋಗಿ ಅಲ್ಲಿ ಒಂದು ಕ್ಷಣ ನಿಂತು ವಾಪಸ್ ನಮ್ ಕಡೆಗೇ ಬರುತ್ತೆ.

ನಾನು ಕೆಲಸಕ್ಕೆ ಇರೋದು ಶಿವಮೊಗ್ಗದಲ್ಲಿ, ಮನೆ ತೀರ್ಥಹಳ್ಳಿ ಕಡೆ. ಕೊರಿಯರ್ ನಮ್ಮೂರವರೆಗೆ ಬರಲ್ಲ, ಪೇಟೆ ಮೆಡಿಕಲ್ ಶಾಪಲ್ಲಿ ಇಟ್ಟು ಹೋಗ್ತಾರೆ, ಅಲ್ಲಿಂದ ತಗೊಂಡು ಬರೋಷ್ಟೊತ್ತಿಗೆ ರಿಟರ್ನ್ ಮಾಡೋ ಉಮೇದೇ ಹೋಗಿರುತ್ತೆ. ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ ಬಿತ್ತು ನಂಗೆ. ಆ ದುಡ್ಡಿಗೆ ಒಂದು ಒಳ್ಳೆ ಕೇರಂ ಬೋರ್ಡ್ ಬರ್ತಿತ್ತು ಅಂತ ನಮ್ಮಪ್ಪ ಇವತ್ತಿಗೂ ಹೇಳ್ತಾರೆ, ಹೇಳ್ಲಿ.

ತಗೊಂಡಿದ್ದಕ್ಕೆ ಕಾರಣ 2022ರ ಬೀಜಿಂಗ್ ಒಲಿಂಪಿಕ್ಸು. 2008ರಲ್ಲಿ ಮೈಕಲ್ ಫೆಲ್ಪ್ಸ್ ಎಂಟು ಚಿನ್ನ ಗೆದ್ದ ಈಜುಕೊಳದ ಕಟ್ಟಡ ಇದ್ಯಲ್ಲ, ಅದರಲ್ಲೇ ಐಸ್ ಹಾಸಿ ಕರ್ಲಿಂಗ್ ಆಡ್ಸಿದ್ರು. ಇಟಲಿಯ ಸ್ಟೆಫಾನಿಯಾ ಕಾನ್ಸ್ಟಾಂಟಿನಿ, ಅಮೋಸ್ ಮೊಸಾನರ್ ಜೋಡಿ ಮಿಕ್ಸೆಡ್ ಡಬಲ್ಸಲ್ಲಿ ಒಂದೂ ಮ್ಯಾಚ್ ಸೋಲ್ದೆ ಚಿನ್ನ ತಗೊಂಡಿತು, ಅದನ್ನ ಮೊಬೈಲಲ್ಲಿ ನೋಡ್ತಾ ನೋಡ್ತಾ ಮನೆಮಂದಿಗೆಲ್ಲ ಹುಚ್ಚು ಹಿಡೀತು. ಆಮೇಲೆ ಹಳೇ ವಿಡಿಯೋ ಹುಡುಕೋ ಚಟ ಶುರು. 2010ರ ವ್ಯಾಂಕೂವರಲ್ಲಿ ನಾರ್ವೆಯ ಥಾಮಸ್ ಉಲ್ಸ್ರುಡ್ ಟೀಮು ಕೆಂಪು ನೀಲಿ ಬಿಳಿ ಚೌಕಳಿ ಪ್ಯಾಂಟ್ ಹಾಕ್ಕೊಂಡು ಬಂದಿತ್ತು, ಗೆದ್ದಿದ್ದು ಬೆಳ್ಳಿ, ಆದ್ರೆ ಚಿನ್ನ ಗೆದ್ದ ಕೆನಡಾಕ್ಕಿಂತ ಜನಕ್ಕೆ ನೆನಪಿರೋದು ಆ ಪ್ಯಾಂಟು. ಸಿಂಪ್ಸನ್ಸ್ ಕಾರ್ಟೂನಲ್ಲೂ ಅದೇ ವರ್ಷ ಹೋಮರ್, ಮಾರ್ಜ್ ಕರ್ಲಿಂಗ್ ಆಡೋ ಒಂದು ಎಪಿಸೋಡ್ ಬಂತು.

ಆದ್ರೆ ನಮ್ಮನೇಲಿ ಎಲ್ಲರೂ ಸೋತಿದ್ದು ಕೊರಿಯಾ ಹುಡ್ಗೀರಿಗೆ. 2018ರ ಪ್ಯೋಂಗ್‌ಚಾಂಗ್. ಐದೂ ಜನದ ಸರ್‌ನೇಮು ಕಿಮ್. ಅವರಲ್ಲಿ ನಾಲ್ವರು ಉಯ್ಸೋಂಗ್ ಅಂತ ಬೆಳ್ಳುಳ್ಳಿ ಬೆಳೆಯೋ ಊರಿನ ಕಡೆಯವರು, ಅದಕ್ಕೇ ಲೋಕವೆಲ್ಲ ಬೆಳ್ಳುಳ್ಳಿ ಹುಡ್ಗೀರು ಅಂತ ಕರೀತು. ವಿದೇಶದವ್ರಿಗೆ ಗೊಂದಲ ಆಗ್ಬಾರ್ದು ಅಂತ ತಿಂಡಿ ಹೆಸರು ಇಟ್ಕೊಂಡಿದ್ರು, ಒಬ್ಳು ಪ್ಯಾನ್‌ಕೇಕ್, ಒಬ್ಳು ಸ್ಟೀಕ್, ಹಿಂಗೆ. ದೊಡ್ಡ ಕನ್ನಡಕದ ಸ್ಕಿಪ್, ಅಂದ್ರೆ ಟೀಮಿನ ನಾಯಕಿ, ಕಿಮ್ ಉನ್-ಜಂಗ್ ಮುಖದಲ್ಲಿ ಒಂದು ನಗು ಇಲ್ಲ, ಕಲ್ಲಿನ ಮುಂದೆ ಐಸ್ ಉಜ್ಜೋಕೆ ಬ್ರಷ್ ಹಿಡಿದೋಳಿಗೆ "ಯಂಗ್-ಮೀ!" ಅಂತ ಕೂಗೋಳು, ಕೂಗೋ ರಾಗ ಬದ್ಲಾದ್ರೆ ಅರ್ಥವೂ ಬದ್ಲು, ಜೋರಾಗಿ ಉಜ್ಜು, ನಿಲ್ಲಿಸು, ಕಾಯಿ, ಎಲ್ಲಾ ಆ ಒಂದು ಹೆಸರಲ್ಲೇ. ಸೆಮಿಫೈನಲಲ್ಲಿ ಜಪಾನನ್ನ ಎಕ್ಸ್‌ಟ್ರಾ ಎಂಡಲ್ಲಿ (ಸಮ ಆದ್ರೆ ಆಡ್ಸೋ ಹೆಚ್ಚುವರಿ ಸುತ್ತು) 8-7ಕ್ಕೆ ಸೋಲ್ಸಿ ಬೆಳ್ಳಿ ತಗೊಂಡ್ರು. ಕೊರಿಯಾದ ಜನ ಮನೇಲಿ ಮಾಪು ಹಿಡ್ಕೊಂಡು ಅದನ್ನೇ ನಟನೆ ಮಾಡಿ ವಿಡಿಯೋ ಹಾಕಿದ್ದೇ ಹಾಕಿದ್ದು. ನಮ್ಮಜ್ಜಿ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ, "ಬೆಳ್ಳುಳ್ಳಿಗೆ ಅಲ್ಲಿ ರೇಟ್ ಹೆಂಗಂತೆ ಅಪ್ಪಿ?"

ಅಷ್ಟೆಲ್ಲ ಆಸೆ ಇಟ್ಕೊಂಡು ತರಿಸಿದ್ದು, ಹಾಗಾಗಿ ಬೇಜಾರೂ ಜಾಸ್ತಿ. ಮ್ಯಾಟಿನ ಕತೆ ಇನ್ನೂ ಮುಗಿದಿಲ್ಲ. ಮೊದಲ ಮಳೆಗಾಲದಲ್ಲೇ ಅದಕ್ಕೆ ಬೂಷ್ಟು ಹಿಡೀತು. ಆಷಾಢದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಸರ್ಟಿಫಿಕೇಟು ಯಾವುದನ್ನೂ ಬೂಷ್ಟು ಬಿಡಲ್ಲ, ಗೊತ್ತು, ಆದ್ರೂ ಇದು ವಾಸನೆ ಬರೋಷ್ಟು ಹಿಡೀತು. ತಮ್ಮ ತಗೊಂಡೋಗಿ ಬಚ್ಚಲೊಲೆ ಮೇಲಿನ ಹಗ್ಗದಲ್ಲಿ ಬಟ್ಟೆ ಜೊತೆ ಒಣಗಾಕಿದ, ಬೂಷ್ಟು ಹೋಯ್ತು, ಅಂಚೆಲ್ಲ ಸೊಟ್ಟ ಆಯ್ತು. ಕೇರಂ ಪೌಡರ್ ಹಾಕಿದ್ರೆ ಕಲ್ಲು ಜಾರುತ್ತೆ ಅಂತ ಯಾರೋ ಐಡಿಯಾ ಕೊಟ್ರೆ ಅದನ್ನ ಕೇಳ್ಬೇಡಿ, ಈ ಕಲ್ಲು ಜಾರೋದಲ್ಲ, ಅಡಿಯಲ್ಲಿರೋ ಸ್ಟೀಲ್ ಗುಂಡಿನ ಮೇಲೆ ಉರುಳೋದು, ಪೌಡರ್ ಹೋಗಿ ಗುಂಡಿನ ಸಂದಿಗೆ ಕೂತ್ಕೊಳುತ್ತೆ.

ಮ್ಯಾಟಿಗಿಂತ ದೊಡ್ಡ ತಕರಾರು ಅಂದ್ರೆ ಕಲ್ಲು ತಿರುಗಲ್ಲ. ಅಸಲಿ ಕರ್ಲಿಂಗ್ ನೋಡಿದೋರಿಗೆ ಗೊತ್ತಿರುತ್ತೆ, ಆಟದ ಜೀವ ಇರೋದೇ ಅಲ್ಲಿ. ಹತ್ತೊಂಬತ್ತು ಕೇಜಿ ಆಸುಪಾಸಿನ ಗ್ರಾನೈಟ್ ಕಲ್ಲು, ಸ್ಕಾಟ್ಲೆಂಡಿನ ಏಲ್ಸಾ ಕ್ರೇಗ್ ಅನ್ನೋ ಪುಟ್ಟ ದ್ವೀಪದ್ದು, ಅದನ್ನ ಬಿಡೋವಾಗ ಹಿಡಿಕೆನ ಸ್ವಲ್ಪವೇ ತಿರುವಿ ಬಿಡ್ತಾರೆ, ಕಲ್ಲು ನಿಧಾನ ಸುತ್ತುತ್ತಾ ನೆಟ್ಟಗೆ ಹೋಗಿ, ವೇಗ ಇಳಿದ ಮೇಲೆ ಕೊನೇಲಿ ಮೆಲ್ಲಗೆ ಒಂದು ಕಡೆಗೆ ವಾಲುತ್ತೆ, ಮುಂದೆ ಅಡ್ಡ ನಿಂತಿರೋ ಎದುರಾಳಿ ಕಲ್ಲನ್ನ ಬಳಸ್ಕೊಂಡು ಹೋಗಿ ಅದರ ಹಿಂದೆ ಅಡಗಿ ಕೂತ್ಕೊಳುತ್ತೆ. ಐಸ್ ಮೇಲೆ ನೀರಿನ ಹನಿ ಚಿಮುಕಿಸಿ ಗುಳ್ಳೆಗುಳ್ಳೆ ಮಾಡಿರ್ತಾರೆ, ಕಲ್ಲಿನ ಅಡಿ ಬಟ್ಟಲಿನ ಥರ ಒಳಗೆ ಹೋಗಿರೋದ್ರಿಂದ ಒಂದು ಸಣ್ಣ ಬಳೆಯಷ್ಟು ಜಾಗ ಮಾತ್ರ ತಾಗುತ್ತೆ. ಮೇಜಿನ ಮೇಲೆ ಲೋಟ ಬೋರಲು ಹಾಕಿ ತಿರುವಿ ತಳ್ಳಿ ನೋಡಿ, ಅದು ವಾಲೋ ಕಡೆಗೆ ಉಲ್ಟಾ ಕಡೆ ಕರ್ಲಿಂಗ್ ಕಲ್ಲು ವಾಲುತ್ತೆ! ಯಾಕೆ ಅನ್ನೋದಕ್ಕೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ, 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಕಲ್ಲಿನ ಮುಂಭಾಗ ಐಸ್ ಮೇಲೆ ಗೀರು ಹಾಕುತ್ತೆ, ಹಿಂಭಾಗ ಆ ಗೀರನ್ನ ಹಿಡಿದು ತಿರುಗುತ್ತೆ ಅಂದ್ರು, ಬೇರೆಯವ್ರು ಒಪ್ಪಲಿಲ್ಲ. ಇಷ್ಟೆಲ್ಲ ಮಜಾ ಇರೋ ಆಟವನ್ನ ಮೂರು ಗುಂಡಿನ ಮೇಲೆ ಕೂರ್ಸಿದ್ರೆ ನೀವು ಎಷ್ಟೇ ತಿರುವಿ ಬಿಟ್ರೂ ಅದು ನೆಟ್ಟಗೇ ಹೋಗೋದು. ಆಗ ನಾನು ರಿವ್ಯೂ ಬರ್ದಿದ್ರೆ ಒಂದೇ ಸ್ಟಾರು.

ಬರೀಲಿಲ್ಲ, ಯಾಕಂದ್ರೆ ಅಷ್ಟರಲ್ಲಿ ಅಜ್ಜಿ ಮ್ಯಾಟ್ ಮಡಚಿ ಅಟ್ಟಕ್ಕೆ ಹಾಕಿಸಿದ್ರು. "ಅದರ ವಾಸ್ನೆ ಸಾಕು ಮಾರಾಯ, ನೆಲದ ಮೇಲೇ ಆಡಿ" ಅಂತ.

ನಮ್ಮದು ಹಳೇ ಮನೆ, ಜಗುಲಿ ಕೆಂಪು ರೆಡ್ ಆಕ್ಸೈಡ್ ನೆಲ, ವರ್ಷಾನುಗಟ್ಟಲೆ ಒರ್ಸಿ ಒರ್ಸಿ ಮುಖ ಕಾಣೋಷ್ಟು ನುಣುಪು. ಮಳೆ ಎರಚಲು ಒಳಗೆ ಬಂದ್ರೆ ನೀರು ನಿಲ್ಬಾರ್ದು ಅಂತ ಕಟ್ಟಿದವ್ರು ಅದಕ್ಕೆ ಅಂಗಳದ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿದಾರೆ. ಕಲ್ಲನ್ನ ಜಗುಲಿಯ ಉದ್ದಕ್ಕೆ ಬಿಟ್ರೆ ಜೋರಿದ್ದಾಗ ನೆಟ್ಟಗೆ ಹೋಗುತ್ತೆ, ನಿಧಾನ ಆಗ್ತಾ ಆಗ್ತಾ ಅಂಗಳದ ಕಡೆಗೆ ಮೆಲ್ಲಗೆ ವಾಲೋಕೆ ಶುರು ಮಾಡುತ್ತೆ! ಥೇಟ್ ಟೀವಿಯಲ್ಲಿ ನೋಡಿದ್ದೇ. ಒಂದೇ ವ್ಯತ್ಯಾಸ ಅಂದ್ರೆ ಅವರದ್ದು ಎರಡೂ ಕಡೆ ತಿರುಗುತ್ತೆ, ನಮ್ಮದು ಯಾವಾಗಲೂ ಅಂಗಳಕ್ಕೇ. ಮೊದಲ ಸಲ ಆ ಕಲ್ಲು ಅಡ್ಡ ಇದ್ದ ಕಲ್ಲನ್ನ ಬಳಸಿ ಹಿಂದೆ ಹೋಗಿ ನಿಂತಾಗ ದೊಡ್ಡಪ್ಪ ಬಾಯಲ್ಲಿದ್ದ ಕವಳ ಉಗಿಯೋದನ್ನೂ ಮರೆತು ಎದ್ದು ನಿಂತಿದ್ರು.

ಈಗ ಗುರಿ ತೋರ್ಸೋದು ಅವರೇ. ಅಸಲಿ ಆಟದಲ್ಲಿ ಸ್ಕಿಪ್ ಆ ತುದೀಲಿ ಬ್ರಷ್ ಊರಿ ಇಲ್ಲಿಗೆ ಬಿಡು ಅಂತಾರಲ್ಲ, ದೊಡ್ಡಪ್ಪ ಕವಳದ ಸಂಚಿ ಇಡ್ತಾರೆ, ವೃತ್ತದಿಂದ ಒಂದೂವರೆ ಗೇಣು ಗೋಡೆ ಕಡೆಗೆ, ಅಲ್ಲಿಗೆ ಬಿಟ್ರೆ ಮಧ್ಯಕ್ಕೆ ಬಂದು ಕೂರುತ್ತೆ. ವೃತ್ತ ಬಿಡ್ಸೋದು ಅಜ್ಜಿ. ದಾರ ಇಲ್ಲ, ಕಂಪಾಸ್ ಇಲ್ಲ, ಸೀಮೆಸುಣ್ಣ ಹಿಡ್ಕೊಂಡು ಕೂತಲ್ಲೇ ಒಂದು ಸುತ್ತು ಕೈ ಆಡ್ಸಿದ್ರೆ ವೃತ್ತ ಮುಗೀತು, ಒಂದರೊಳಗೊಂದು ಮೂರು, ನಡುವೆ ಚುಕ್ಕಿ. ಮೊದ್ಲು ರಂಗೋಲಿ ಪುಡೀಲೇ ಬಿಡ್ಸಿದ್ರು, ಅದೂ ಗುಂಡಿಗೆ ಹೊಕ್ಕಿತು, ಆಮೇಲೆ ಸೀಮೆಸುಣ್ಣ.

ಉಜ್ಜೋದು ಬೇಡ್ವಾ ಅಂತ ಕೇಳ್ತೀರಿ. ಐಸಲ್ಲಿ ಉಜ್ಜಿದ್ರೆ ಮೇಲ್ಪದರ ಸ್ವಲ್ಪ ಬಿಸಿಯಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೆಟ್ಟಗೆ ಹೋಗುತ್ತೆ. ನಮ್ಮ ನೆಲ ಜುಲೈ ತಿಂಗಳಲ್ಲಿ ಬೆವರುತ್ತೆ, ಥಂಡಿ ಕೂತಿರೋ ಕಡೆ ಕಲ್ಲು ನಿಧಾನ ಆಗಿ ಬೇಗ ವಾಲುತ್ತೆ, ಅಲ್ಲಿ ಹಳೇ ಪಂಚೆ ತುಂಡಲ್ಲಿ ಒರ್ಸಿಬಿಟ್ರೆ ಮುಂದಕ್ಕೆ ಓಡುತ್ತೆ. ಹಾಗಾಗಿ ತಮ್ಮ ಮೊಣಕಾಲೂರಿ ಕಲ್ಲಿನ ಮುಂದೆ ಮುಂದೆ ಒರಸ್ತಾ ಹೋಗೋದು, ಹಿಂದಿಂದ ಅಜ್ಜಿ "ಒರ್ಸೋ... ಒರ್ಸೋ ಒರ್ಸೋ... ಬಿಡು ಬಿಡು!" ಅಂತ ಮೂರು ರಾಗದಲ್ಲಿ ಕೂಗೋದು. ಕೆಳಗಿನ ಮನೆಯವ್ರು ಒಂದಿನ ಯಾರಿಗೆ ಏನಾಯ್ತೋ ಅಂತ ಕೊಡೆ ಹಿಡ್ಕೊಂಡು ಓಡಿ ಬಂದಿದ್ರು, ಈಗ ಅವರೂ ಆಡ್ತಾರೆ. ತಿಂಡಿ ಹೆಸರು ಕಡ್ಡಾಯ. ಅಜ್ಜಿ ಕೊಟ್ಟೆ ಕಡುಬು, ದೊಡ್ಡಪ್ಪ ಅಕ್ಕಿರೊಟ್ಟಿ, ಅತ್ತಿಗೆ ಶ್ಯಾವಿಗೆ, ತಮ್ಮ ಮ್ಯಾಗಿ. ನಂಗೆ ಉಪ್ಪಿಟ್ಟು ಅಂತ ಇಟ್ಟಿದಾರೆ, ಯಾಕೆ ಅಂತ ಯಾರೂ ಹೇಳ್ತಿಲ್ಲ.

ಇನ್ನೊಂದು ಪದ್ಧತಿನೂ ಎತ್ಕೊಂಡಿದೀವಿ. ಕರ್ಲಿಂಗ್ ಕ್ಲಬ್ಬುಗಳಲ್ಲಿ ಆಟ ಮುಗಿದ್ಮೇಲೆ ಗೆದ್ದವರು ಸೋತವರಿಗೆ ಕುಡಿಯೋಕೆ ಕೊಡಿಸ್ಬೇಕು, ಎಲ್ಲರೂ ಒಟ್ಟಿಗೆ ಕೂರ್ಬೇಕು. ನಮ್ಮಲ್ಲಿ ಗೆದ್ದವರು ಒಳಗೆ ಹೋಗಿ ಎಲ್ಲರಿಗೂ ಕಷಾಯ ಮಾಡ್ಕೊಂಡು ಬರೋದು. ಇದರಿಂದ ದೊಡ್ಡಪ್ಪ ಕೊನೇ ಕಲ್ಲಲ್ಲಿ ಬೇಕಂತ್ಲೇ ಸೋಲ್ತಾರೆ ಅನ್ನೋ ಗುಮಾನಿ ಅತ್ತಿಗೆಗೆ ಬಲವಾಗಿದೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯೋ ದಿನ ಆಟ ಇಲ್ಲ, ಮಳೆ ಹೊಳವಾದ್ರೆ ಎಲ್ಲರೂ ಬೋರ್ಡೋ ಔಷಧಿ ಡ್ರಮ್ಮಿನ ಹತ್ರ ಇರ್ತಾರೆ, ಕೊಳೆ ರೋಗ ಬಂದ್ರೆ ಅಡಿಕೆ ಹೋಯ್ತು. ಮತ್ತೆ ಮಳೆ ಹಿಡಿದು ಕರೆಂಟ್ ಹೋದ್ರೆ ಮಾತ್ರ ಡಬ್ಬ ಈಚೆ ಬರುತ್ತೆ.

ಇನ್ನು ಬಾಳಿಕೆ. ಸ್ಟೀಲ್ ಗುಂಡಿಗೆ ನಮ್ಮ ಹವೆಗೆ ತುಕ್ಕು ಬರುತ್ತೆ, ತಪ್ಪಿಸೋಕಾಗಲ್ಲ. ಕೊಬ್ಬರಿ ಎಣ್ಣೆ ಹಾಕ್ಬೇಡಿ, ಅಂಟಾಗಿ ಧೂಳು ಕೂರುತ್ತೆ, ಹೊಲಿಗೆ ಮಷೀನ್ ಎಣ್ಣೆ ಒಂದೊಂದೇ ಹನಿ ಬಿಟ್ಟು ಬಟ್ಟೆಯಲ್ಲಿ ಚೆನ್ನಾಗಿ ಒರ್ಸಿ. ಆಟ ಮುಗಿದ ಮೇಲೆ ನಾವು ಕಲ್ಲುಗಳನ್ನ ಅಕ್ಕಿ ಡಬ್ಬದ ಒಳಗೆ, ಬಟ್ಟೆ ಚೀಲದಲ್ಲಿ ಸುತ್ತಿ ಇಡ್ತೀವಿ, ಥಂಡಿ ಎಳ್ಕೊಳಲ್ಲ. ಎರಡು ಕಲ್ಲಿನ ಹಿಡಿಕೆ ಕಿತ್ತು ಬಂದಿತ್ತು, ಫೆವಿಕ್ವಿಕ್ ಹಾಕಿದ್ಮೇಲೆ ಗಟ್ಟಿ ಇದೆ.

ಶಿವಮೊಗ್ಗಕ್ಕೂ ಒಂದ್ಸಲ ತಗೊಂಡೋಗಿದ್ದೆ, ವಿನೋಬನಗರದ ಫ್ರೆಂಡ್ ಮನೆಗೆ. 2026ರ ಫೆಬ್ರವರಿ, ಕೊರ್ಟಿನಾದಲ್ಲಿ ಕರ್ಲಿಂಗ್ ನಡೀತಿತ್ತು, 1956ರ ಒಲಿಂಪಿಕ್ಸಿಗೆ ಕಟ್ಟಿದ್ದ ಹಳೇ ಸ್ಟೇಡಿಯಂ ಅದು. ಅವರ ಸಂಜೆ ಮ್ಯಾಚು ನಮಗೆ ರಾತ್ರಿ ಹನ್ನೊಂದೂವರೆ ಮೇಲೆ, ಅಲ್ಲಿವರೆಗೆ ಆಡೋಣ ಅಂತ ಹೋದ್ರೆ ಅವರ ಮನೆ ವಿಟ್ರಿಫೈಡ್ ಟೈಲ್ಸು ಮಟ್ಟಸವೇ ಮಟ್ಟಸ, ಒಂದಿಷ್ಟೂ ವಾಲಲ್ಲ, ಟೈಲ್ಸ್ ಸಂದಿ ಬಂದಾಗೆಲ್ಲ ಟಕ್ ಟಕ್ ಅಂತ ಹಾರುತ್ತೆ, ಕೆಳಗಿನ ಫ್ಲ್ಯಾಟವರು ಮೇಲೆ ಬಂದ್ರು. ಕೊನೆಗೆ ಇಸ್ಪೀಟ್ ಆಡಿದ್ವಿ. ಹಾಗಾಗಿ ಅಪಾರ್ಟ್ಮೆಂಟಲ್ಲಿರೋರು ಈ ಸೆಟ್ ತಗೋಬೇಡಿ, ನಮ್ಮಪ್ಪ ಹೇಳಿದ ಹಾಗೆ ಕೇರಂ ಬೋರ್ಡೇ ತಗೊಳಿ. ಗಾರೆ ಜಗುಲಿ, ಸ್ವಲ್ಪ ಇಳಿಜಾರು, ಕೂಗೋಕೆ ಒಬ್ಬ ಅಜ್ಜಿ ಇದ್ರೆ ಕಣ್ಮುಚ್ಚಿ ತಗೊಳಿ, ಎರಡು ಸಾವಿರ ವಸೂಲಿ.

ಮಾರೋರು ಯಾರಾದ್ರೂ ಓದ್ತಿದ್ರೆ ಒಂದು ವಿನಂತಿ, ಮ್ಯಾಟ್ ತೆಗೆದು ಆ ದುಡ್ಡಿಗೆ ತುಕ್ಕು ಹಿಡಿಯದ ಗುಂಡು ಹಾಕಿ ಬರೀ ಕಲ್ಲು ಮಾರಿ, ಕೆಳಗಿನ ಮನೆಯವ್ರಿಗೆ ಒಂದು ಸೆಟ್ ಬೇಕಂತೆ. ನಮ್ಮ ಮ್ಯಾಟ್ ಸದ್ಯ ಅಟ್ಟದಲ್ಲಿ ಸೋರೋ ಹಂಚಿನ ಕೆಳಗಿದೆ, ಆ ಕೆಲಸಕ್ಕೆ ಚೆನ್ನಾಗಿದೆ.