ಬಿಸಿನೀರಿಗೆ ಸೌದೆ ಬಾಯ್ಲರಾ, ಗ್ಯಾಸ್ ಗೀಸರಾ?

ಉಡುಪಿ ಕಡೆ ಮನೆ ಕಟ್ಟುವಾಗ ಬಚ್ಚಲಿನ ವಿಷಯಕ್ಕೆ ಬಂದರೆ ಈ ಪ್ರಶ್ನೆ ಏಳುತ್ತದೆ. ಎರಡರಲ್ಲೂ ನೋಡಬೇಕಾದ್ದು ಒಂದೇ: ಬೆಂಕಿಯ ಬಿಸಿ ನೀರಿಗೆ ಸೇರಬೇಕು, ಹೊಗೆ ಹೊರಗೆ ಹೋಗಬೇಕು.

ಹಳೇ ಹಂಡೆಯಲ್ಲಿ ಬೆಂಕಿ ತಾಗುವುದು ಹೆಚ್ಚಾಗಿ ತಳಕ್ಕೆ, ಎಷ್ಟೋ ಬಿಸಿ ಹೊಗೆ ಜೊತೆ ಸುಮ್ನೆ ಹೋಗುತ್ತದೆ. ಬಾಯ್ಲರಿನಲ್ಲಿ ಹೊಗೆ ಕೊಳವೆ ನೀರಿನ ನಡುವೆಯೇ ಹಾದು ಮೇಲೇರುತ್ತದೆ, ಹಾಗಾಗಿ ಹೊಗೆ ಹೊರಬೀಳುವ ಮೊದಲು ಬಿಸಿಯನ್ನು ನೀರಿಗೆ ಬಿಟ್ಟು ಹೋಗುತ್ತದೆ. ತೋಟದ ಮಡಲು, ಗೆರಟೆ, ಸಿಪ್ಪೆ ಸಾಕು. ಆದರೆ ಕೊಳವೆಯೊಳಗೆ ಮಸಿ ಕಟ್ಟಿದರೆ ನೀರು ಕಾಯುವುದು ನಿಧಾನ, ಹೊಗೆ ಎಳೆಯುವುದೂ ಕಡಿಮೆ, ಒಲೆ ಬಾಯಿಯಿಂದಲೇ ವಾಪಸ್ ಬರುತ್ತದೆ. ಆಗಾಗ ಕೆರೆದು ತೆಗೆಯಲೇಬೇಕು. ಮಳೆಗಾಲಕ್ಕೆ ಒಣ ಸೌದೆ ಕೂಡಿಡಿ, ಚಿಮಣಿಗೆ ಟೊಪ್ಪಿ ಹಾಕಿಸಿ.

ಗ್ಯಾಸ್ ಗೀಸರಿನಲ್ಲಿ ಜ್ವಾಲೆಯ ಮೇಲೆ ತಾಮ್ರದ ಕೊಳವೆ, ಬಿಸಿ ಹೀರಲು ಅದಕ್ಕೆ ರೆಕ್ಕೆಯಂಥ ತೆಳು ತಗಡುಗಳು, ನಲ್ಲಿ ತಿರುಗಿಸಿದ ಸ್ವಲ್ಪ ಹೊತ್ತಿಗೇ ಬಿಸಿನೀರು. ನನಗೆ ಭಯ ಇರುವುದು ಇಲ್ಲೇ. ಸೌದೆ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ, ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆ ಎರಚಲು ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುವವರು ನಾವೇ ಅಲ್ವಾ? ಗೀಸರನ್ನು ಬಚ್ಚಲೊಳಗೆ ಇಡಲೇಬೇಡಿ, ಹೊರಗೆ ಗಾಳಿ ಆಡುವ ಜಾಗದಲ್ಲಿಟ್ಟು ಪೈಪಿನಲ್ಲಿ ನೀರು ತನ್ನಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂದುಕೊಳ್ಳಬೇಡಿ, ಗಾಳಿ ಬರಲು ಬೇರೆ ದಾರಿ ಇಲ್ಲದಿದ್ದರೆ ಅದು ಹೊಗೆಯನ್ನು ಒಳಗೇ ಎಳೆಯಬಹುದು.

ತೆಂಗಿನ ತೋಟ, ಬೇರೆ ಬಚ್ಚಲು ಇದ್ದರೆ ಬಾಯ್ಲರ್ ಹಾಕಿಸಿ. ಮಂಗಳೂರಿನ ಫ್ಲ್ಯಾಟಿಗೆ ತೆರೆದ ಬಾಲ್ಕನಿ ಇದ್ದರೆ ಮಾತ್ರ ಗ್ಯಾಸ್, ಇಲ್ಲದಿದ್ದರೆ ಕರೆಂಟಿನದ್ದೇ ಸರಿ.