ಪ್ಯಾಚ್ ಪಂಪ್ ಜೊತೆ ನಾಲ್ಕು ವರ್ಷ: ಯಂತ್ರಕ್ಕೆ ನಾಲ್ಕು ಸ್ಟಾರ್, ಮೊದಲ ಟ್ರೇನಿಂಗ್‌ಗೆ ಒಂದೇ

ನನಗೆ ಟೈಪ್ 1 ಡಯಾಬಿಟಿಸ್ ಬಂದು ಹದಿನೇಳು ವರ್ಷ ಆಯಿತು. ನಾಲ್ಕು ವರ್ಷದಿಂದ ಮೈಗೆ ಅಂಟಿಸಿಕೊಳ್ಳುವ ಇನ್ಸುಲಿನ್ ಪಂಪ್ ಬಳಸುತ್ತಿದ್ದೇನೆ. ಟ್ಯೂಬ್ ಇಲ್ಲದ್ದು, ಪಾಡ್ ಅಂತಾರಲ್ಲ, ಅದು. ಮೂರು ದಿನಕ್ಕೊಂದು ಬದಲಿಸಬೇಕು, ಹಾಗಾಗಿ ಇಲ್ಲಿಯವರೆಗೆ ಹತ್ತಿರ ಹತ್ತಿರ ಐನೂರು ಪಾಡ್ ಕೈದಾಟಿ ಹೋಗಿವೆ. ಕಂಪನಿ ಹೆಸರು ಬರೆಯುತ್ತಿಲ್ಲ. ನನ್ನ ದೂರು ಯಂತ್ರದ ಮೇಲೆ ಅಲ್ಲ, ಅದನ್ನು ನನಗೆ ಕಲಿಸಿದ ರೀತಿಯ ಮೇಲೆ.

ಯಂತ್ರದ ಮಾತು ಬೇಗ ಮುಗಿಸುತ್ತೇನೆ. ಚೆನ್ನಾಗಿದೆ. ದಿನಕ್ಕೆ ನಾಲ್ಕೈದು ಸಲ ಚುಚ್ಚಿಕೊಳ್ಳೋದು ತಪ್ಪಿತು. 200 ಯೂನಿಟ್ ಹಿಡಿಯುತ್ತದೆ, ಸ್ನಾನಕ್ಕೆ ಬಿಚ್ಚಬೇಕಿಲ್ಲ, ಸಡಿಲ ಬಟ್ಟೆ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಬೆವರು ಜಾಸ್ತಿ ಆದರೆ ಅಂಟು ಬಿಡುತ್ತದೆ. ಅವಧಿ ಮುಗಿದರೆ ಎಲ್ಲಿದ್ದೀರಿ ಅಂತ ನೋಡದೆ ಕೂಗುತ್ತದೆ. ಅಷ್ಟೇ.

ಈಗ ಟ್ರೇನಿಂಗ್. ಮೊದಲನೆಯದು ಒಂದೂವರೆ ಗಂಟೆ ನಡೆಯಿತು. ಬಂದವರು ಒಳ್ಳೆಯವರೇ, ಕೈಯೂ ಚುರುಕು. ಸಿರಿಂಜಿಗೆ ಇನ್ಸುಲಿನ್ ಎಳೆದರು, ಉಗುರಿನಿಂದ ಟಕ್ ಟಕ್ ಅಂತ ಹೊಡೆದು ಗುಳ್ಳೆ ಮೇಲೆ ತಂದರು, ಪಾಡ್ ತುಂಬಿಸಿದರು, ನನ್ನ ಹೊಟ್ಟೆಯ ಮೇಲೆ ಸ್ಪಿರಿಟ್ ಒರೆಸಿ ಅಂಟಿಸಿದರು, ರಿಮೋಟ್‌ನ ಬಟನ್ ಒತ್ತಿದರು. ಸೂಜಿ ಚಕ್ ಅಂತ ಒಳಗೆ ಹೋಗಿ ವಾಪಸ್ ಬಂತು, ಚರ್ಮದೊಳಗೆ ಮೆತ್ತನೆಯ ಸಣ್ಣ ನಳಿಗೆ ಮಾತ್ರ ಉಳಿಯಿತು. ಅದೇ ಕ್ಯಾನುಲಾ. ಇಷ್ಟೂ ಹೊತ್ತು ನನ್ನ ಎರಡೂ ಕೈ ತೊಡೆಯ ಮೇಲೆ ಸುಮ್ನೆ ಇದ್ದವು. ಕೊನೆಗೆ "ಅರ್ಥ ಆಯ್ತಲ್ವಾ?" ಅಂದರು. ಆಯ್ತು ಅಂದೆ. ಹಾಗೆ ಕೇಳಿದರೆ ಇಲ್ಲ ಅನ್ನುವವರು ಯಾರಿದ್ದಾರೆ? ಫಾರಂಗೆ ಸಹಿ ಹಾಕಿಸಿಕೊಂಡು ಹೋದರು.

ಮೂರು ದಿನ ಬಿಟ್ಟು ನಾನೇ ಬದಲಿಸಲು ಕೂತೆ. ಫ್ರಿಡ್ಜಿನಿಂದ ತೆಗೆದ ಇನ್ಸುಲಿನ್ ಹಾಗೇ ಎಳೆದೆ. ತಣ್ಣಗಿರೋದು ಬಿಸಿಯಾಗುತ್ತಾ ಹೋದ ಹಾಗೆ ಗಾಳಿ ಗುಳ್ಳೆ ಬಿಡುತ್ತದೆ, ಮೊದಲೇ ಹೊರಗಿಟ್ಟು ರೂಮಿನ ಬಿಸಿಗೆ ತಂದುಕೊಳ್ಳಬೇಕು ಅನ್ನೋದು ತಲೆಯಲ್ಲಿ ಉಳಿದೇ ಇರಲಿಲ್ಲ. ಹೇಳಿರಬಹುದು. ಗುಳ್ಳೆ ತಾನೇ ಅಂತ ಬಿಟ್ಟೆ. ಆದರೆ ನಾವು ಬಳಸುವ ಇನ್ಸುಲಿನ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್, ಅಂದರೆ 0.05 ಎಂಎಲ್ ಗಾಳಿ ಇದ್ದರೆ ಐದು ಯೂನಿಟ್ ಖೋತಾ. ನನಗೆ ಅದು ಒಂದು ಹೊತ್ತಿನ ಊಟದ ಡೋಸ್. ಸ್ಪಿರಿಟ್ ಆರುವ ಮುಂಚೆಯೇ ಅಂಟಿಸಿದ್ದರಿಂದ ಮರುದಿನ ಮಧ್ಯಾಹ್ನಕ್ಕೆ ಪಾಡಿನ ಒಂದು ಅಂಚು ಎದ್ದು ಬಂತು.

ಇವೆಲ್ಲ ಸಣ್ಣವು. ನಿಜವಾಗಿ ಹೆದರಿದ್ದು ಹತ್ತನೇ ದಿನ. ಮಲಗುವ ಮುಂಚೆ ಪಾಡ್ ಬದಲಿಸಿ ನಿದ್ದೆ ಹೋದೆ. ಎರಡು ಗಂಟೆಗೆ ಬಾಯಿ ಒಣಗಿ ಎಚ್ಚರವಾಯಿತು. ಶುಗರ್ 312. ಪಂಪ್‌ನಿಂದಲೇ ಡೋಸ್ ಕೊಟ್ಟೆ. ಮೂರೂವರೆಗೆ 340. ಮತ್ತೆ ಕೊಟ್ಟೆ. ಪರದೆ ನೋಡಿದರೆ ಎಲ್ಲ ಸರಿಯಾಗಿದೆ, ಅಲಾರಂ ಇಲ್ಲ, ಇನ್ಸುಲಿನ್ ಹೋಗಿದೆ ಅಂತ ಬರೆದಿದೆ. ಬೆಳಗ್ಗೆ ಐದಕ್ಕೆ ವಾಂತಿ ಶುರುವಾಯಿತು. ಆಮೇಲೆ ಹೊಟ್ಟೆ ಮುಟ್ಟಿದಾಗ ಕೈ ಒದ್ದೆ. ಮೂಸಿದರೆ ಇನ್ಸುಲಿನ್ ವಾಸನೆ, ಆಸ್ಪತ್ರೆ ಡ್ರೆಸ್ಸಿಂಗ್ ರೂಮಿನಲ್ಲಿ ಬರುತ್ತದಲ್ಲ, ಹೆಚ್ಚು ಕಡಿಮೆ ಅದೇ. ಪಾಡ್ ಕಿತ್ತೆ. ಕ್ಯಾನುಲಾ ಮೀನಿನ ಗಾಳದ ಹಾಗೆ ಮಡಚಿಕೊಂಡಿತ್ತು. ಯಂತ್ರ ಔಷಧಿ ತಳ್ಳಿತ್ತು, ಆದರೆ ಅದು ಒಳಗೆ ಹೋಗದೆ ಅಂಟಿನ ಅಡಿಯಲ್ಲಿ ಹರಿದಿತ್ತು. ದಾರಿ ಪೂರ್ತಿ ಕಟ್ಟಿಕೊಂಡರೆ ಅಲಾರಂ ಬರುತ್ತದೆ, ಸೋರಿದರೆ ಬರುವುದಿಲ್ಲ.

ಪಂಪ್‌ನಲ್ಲಿ ಹಾಕೋದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಮೊದಲು ರಾತ್ರಿ ಚುಚ್ಚಿಕೊಳ್ಳುತ್ತಿದ್ದ, ಇಡೀ ದಿನ ಇರುವ ಇನ್ಸುಲಿನ್ ಈಗ ಮೈಯಲ್ಲಿ ಇರುವುದಿಲ್ಲ. ಸರಬರಾಜು ನಿಂತರೆ ಕೆಲವೇ ಗಂಟೆಯಲ್ಲಿ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಒಂದೂವರೆ ಗಂಟೆಯ ಟ್ರೇನಿಂಗ್‌ನಲ್ಲಿ ಈ ಮಾತಿಗೆ ಒಂದು ಸ್ಲೈಡ್ ಇತ್ತು. ಬ್ಯಾಟರಿ ಬಗ್ಗೆ ಮೂರು ಇದ್ದವು!

ಎರಡನೇ ಟ್ರೇನಿಂಗ್ ಸಿಕ್ಕಿದ್ದು ಇದಾದ ಮೇಲೆ, ಬೇರೆ ನರ್ಸ್ ಹತ್ತಿರ. ಕೂತ ತಕ್ಷಣ ಅವರು ಖಾಲಿ ಪಾಡ್, ಸಿರಿಂಜ್, ಸಲೈನ್ ನನ್ನ ಮುಂದೆ ಇಟ್ಟು, "ನನಗೆ ಏನೂ ಗೊತ್ತಿಲ್ಲ ಅಂದ್ಕೊಳ್ಳಿ. ನೀವು ಮಾಡ್ತಾ ಮಾಡ್ತಾ ನನಗೆ ಹೇಳಿಕೊಡಿ" ಅಂದರು. ಮೂರು ಕಡೆ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ, ಉತ್ತರವನ್ನೂ ಹೇಳಲಿಲ್ಲ. "ಇಲ್ಲಿ ಗುಳ್ಳೆ ಉಳಿದರೆ ಏನಾಗುತ್ತೆ?" ಅಂತ ಕೇಳಿ ಸುಮ್ಮನೆ ಕಾದರು. ಆಮೇಲೆ ಬೇಕಂತಲೇ ಬಗ್ಗಿಸಿದ್ದ ಒಂದು ಕ್ಯಾನುಲಾವನ್ನು ಅಂಗೈ ಮೇಲೆ ಇಟ್ಟರು. ಶುಗರ್ 250 ದಾಟಿದರೆ ಕೀಟೋನ್ ನೋಡಬೇಕು. ಕೀಟೋನ್ ಇದ್ದರೆ ಪಂಪ್ ನಂಬದೆ ಸಿರಿಂಜ್‌ನಿಂದ ಹಾಕಿ ಪಾಡ್ ಬದಲಿಸಬೇಕು. ಇಲ್ಲದಿದ್ದರೆ ಒಂದು ಸಲ ಪಂಪ್‌ನಿಂದ ಕೊಟ್ಟು ನೋಡಿ, ಎರಡು ಗಂಟೆಯಲ್ಲಿ ಇಳಿಯದಿದ್ದರೆ ಆಗಲೂ ಸಿರಿಂಜ್, ಹೊಸ ಪಾಡ್. ನನಗೆ ಬರೆದುಕೊಟ್ಟ ನಿಯಮ ಇದು. ನಿಮ್ಮ ಡಾಕ್ಟರ್ ಬೇರೆ ಅಂಕಿ ಕೊಡಬಹುದು, ಕೇಳಿ ಬರೆಸಿಕೊಳ್ಳಿ. ಮಲಗುವ ಹೊತ್ತಿಗೆ ಬದಲಿಸಬೇಡಿ, ಬದಲಿಸಿ ಎರಡು ಗಂಟೆ ಆದ ಮೇಲೆ ಶುಗರ್ ನೋಡಿ ಅನ್ನೋದೂ ಅಲ್ಲೇ ತಿಳಿದದ್ದು.

ಇನ್ನೊಂದು ಕೆಲಸ ಮಾಡಿದರು. ನನ್ನ ಬೆರಳು ಹಿಡಿದು ಹೊಕ್ಕಳಿನ ಎಡಗಡೆ ಒತ್ತಿಸಿದರು. ಚರ್ಮದ ಕೆಳಗೆ ರಬ್ಬರಿನ ಹಾಗೆ ಗಂಟು. ವರ್ಷಗಟ್ಟಲೆ ಅದೇ ಜಾಗಕ್ಕೆ ಚುಚ್ಚಿದ್ದರ ಫಲ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ, ಆದರೆ ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜಾಗ ಬದಲಿಸಿ ಅಂತ ಅದಕ್ಕೂ ಮುಂಚೆ ನೂರು ಜನ ಹೇಳಿದ್ದರು. ಗಂಟನ್ನು ಮುಟ್ಟಿಸಿದ್ದು ಇವರೊಬ್ಬರೇ.

ಅಮ್ಮನನ್ನೂ ಕರೆದು ಕೂರಿಸಿದ್ದರು. ಈ ಪಾಡಿನ ಮೇಲೆ ಬಟನ್ ಇರುವುದಿಲ್ಲ, ರಿಮೋಟ್ ಕಳೆದರೂ ಅದು ತನ್ನಷ್ಟಕ್ಕೆ ಬೇಸಲ್ ಇನ್ಸುಲಿನ್, ಅಂದರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಹೋಗುವ ಇನ್ಸುಲಿನ್, ಕೊಡುತ್ತಲೇ ಇರುತ್ತದೆ. ಶುಗರ್ ಬಿದ್ದು ನನಗೆ ಪ್ರಜ್ಞೆ ತಪ್ಪಿದರೆ, ರಿಮೋಟ್ ಕೈಗೆ ಸಿಗದಿದ್ದರೆ, ಕಿತ್ತು ಹಾಕಿ ಸಹಾಯಕ್ಕೆ ಫೋನ್ ಮಾಡಿ ಅಂತ ಅಮ್ಮನಿಗೆ ಹೇಳಿದರು. "ಕಿತ್ತರೆ ಹಾಳಾಗಲ್ವಾ?" ಅಂತ ಅಮ್ಮ ಕೇಳಿದರು. ಆ ಪ್ರಶ್ನೆ ಅವರ ಮನಸ್ಸಿನಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇದು ಇನ್ಸುಲಿನ್‌ಗೆ ಮಾತ್ರ ಸೀಮಿತವಾದ ಕಥೆಯೂ ಅಲ್ಲ. ಚಿಕ್ಕಮ್ಮನಿಗೆ ಕೀಮೋ ಆದಾಗ ಬಿಳಿ ರಕ್ತಕಣ ಏರಿಸುವ ಔಷಧಿಯ ಸಣ್ಣ ಡಬ್ಬಿಯೊಂದನ್ನು ತೋಳಿಗೆ ಅಂಟಿಸಿ ಮನೆಗೆ ಕಳಿಸಿದರು. ಆ ಔಷಧಿಯನ್ನು ಕೀಮೋ ಮುಗಿದು 24 ಗಂಟೆ ಕಳೆಯದೆ ಕೊಡುವಂತಿಲ್ಲ. ಅದಕ್ಕೇ ಡಬ್ಬಿ ಸುಮಾರು 27 ಗಂಟೆ ಕಾದು, ಆಮೇಲೆ 45 ನಿಮಿಷದಲ್ಲಿ ನಿಧಾನವಾಗಿ ಕೊಡುತ್ತದೆ. ಮರುದಿನ ಆಸ್ಪತ್ರೆಗೆ ಓಡೋದು ತಪ್ಪುತ್ತದೆ, ಒಳ್ಳೆಯ ಉಪಾಯವೇ. ಆದರೆ ಹಸಿರು ದೀಪ ಯಾವುದು, ಕೆಂಪು ಯಾವುದು, ಮೊಬೈಲ್ ಹತ್ತಿರ ಹಿಡಿಯಬಾರದು ಅನ್ನೋದನ್ನೆಲ್ಲ ಕೀಮೋ ಮುಗಿದು ಕಣ್ಣು ಬಿಡಲೂ ಆಗದವರಿಗೆ ಬಾಗಿಲಲ್ಲಿ ನಿಂತು ಹೇಳಿದ್ದರು. ಚಿಕ್ಕಮ್ಮ ಆ ರಾತ್ರಿ ಮೊಬೈಲನ್ನು ಅದೇ ತೋಳಿನ ಪಕ್ಕ ಇಟ್ಟುಕೊಂಡೇ ಮಲಗಿದ್ದರು.

ಮುಂದಿನ ತಿಂಗಳು ನನಗೆ ಹೊಸ ಮಾಡೆಲ್ ಬರಬೇಕು. ಟ್ರೇನಿಂಗ್ ಯಾವಾಗ ಅಂತ ಕೇಳಿದೆ. ಇಪ್ಪತ್ತು ನಿಮಿಷದ ವಿಡಿಯೋ ಕಳಿಸುತ್ತೇವೆ, ಕೊನೆಗೆ ಐದು ಪ್ರಶ್ನೆ ಇರುತ್ತವೆ, ಸರಿ ಉತ್ತರ ಕೊಟ್ಟರೆ ಆಯಿತು ಅಂದರು. ನನ್ನ ಕೈಗೆ ಪಾಡ್ ಕೊಟ್ಟು ಎದುರು ಕೂತು ನೋಡುವವರು ಬೇಕು ಅಂತ ಮೇಲ್ ಹಾಕಿದ್ದೇನೆ. ಉತ್ತರ ಬರುವವರೆಗೂ ಹಳೆಯದೇ ಇರಲಿ.